ಇಲಿಯ ಮುಖಕ್ಕೆ ಎಷ್ಟು ಗೆರೆ ಬೇಕು?

ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' ಎಂದರೆ ನಮಗೆ ನೆನಪಾಗುವುದು ಎರಡು ಸಂಪುಟಗಳ ಕಪ್ಪು-ಬಿಳುಪು ಪುಸ್ತಕ. ಯಹೂದಿಗಳಿಗೆ ಇಲಿಯ ತಲೆ, ಜರ್ಮನ್ನರಿಗೆ ಬೆಕ್ಕಿನ ತಲೆ. ಔಶ್ವಿಟ್ಜ್‌ನಿಂದ ಬದುಕಿ ಬಂದ ಅಪ್ಪ ವ್ಲಾಡೆಕ್ ಹೇಳುತ್ತಾನೆ, ಮಗ ಆರ್ಟ್ ಬರೆದುಕೊಳ್ಳುತ್ತಾನೆ. ಮೊದಲ ಸಂಪುಟ 1986ರಲ್ಲಿ, ಎರಡನೆಯದು 1991ರಲ್ಲಿ ಬಂತು. ಮರುವರ್ಷ ಪುಲಿಟ್ಜರ್ ವಿಶೇಷ ಪ್ರಶಸ್ತಿ. ಆದರೆ ಸ್ಪೀಗೆಲ್‌ಮನ್ ಇದೇ ಹೆಸರಿನಲ್ಲಿ ಇದೇ ಕಥೆಯನ್ನು 1972ರಲ್ಲೇ ಒಮ್ಮೆ ಬರೆದಿದ್ದರು, ಬರೀ ಮೂರು ಪುಟಗಳಲ್ಲಿ. ಪ್ರಾಣಿಕಥೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಕಳೆದ ಒಂದು ವರ್ಷದಿಂದ ದೊಡ್ಡ ಪುಸ್ತಕಕ್ಕಿಂತ ಈ ಮೂರು ಪುಟಗಳೇ ಹೆಚ್ಚು ಕಾಡುತ್ತಿವೆ.

ಅವು ಚೆನ್ನಾಗಿವೆ ಎಂಬ ಕಾರಣಕ್ಕಲ್ಲ. ಅವುಗಳಲ್ಲಿ ಚಿತ್ರಗಾರಿಕೆ ಅತಿಯಾಗಿದೆ. ದುಂಡು ಕಿವಿ, ನೀರು ತುಂಬಿದ ದೊಡ್ಡ ಕಣ್ಣು, ಮೈತುಂಬ ಒತ್ತೊತ್ತಾಗಿ ಎಳೆದ ನೆರಳಿನ ಗೆರೆ. ಅಪ್ಪ ಇಲಿ ಹಾಸಿಗೆಯ ಅಂಚಿನಲ್ಲಿ ಕೂತು ಮಿಕ್ಕಿ ಎಂಬ ಮರಿಗೆ ಮಲಗುವ ಹೊತ್ತಿನ ಕಥೆಯಂತೆ ತನ್ನ ಯುದ್ಧದ ದಿನಗಳನ್ನು ಹೇಳುತ್ತಾನೆ. ಬೆಕ್ಕುಗಳು ಇಲಿಗಳಿಗಿಂತ ಎಷ್ಟೋ ದೊಡ್ಡವು. ಔಶ್ವಿಟ್ಜ್ ಅಲ್ಲಿ 'ಮೌಶ್ವಿಟ್ಜ್' ಆಗಿದೆ. ಮೊದಲ ಚಿತ್ರವಂತೂ 1945ರಲ್ಲಿ ಬೂಕೆನ್‌ವಾಲ್ಡ್ ಶಿಬಿರದಲ್ಲಿ ಮಾರ್ಗರೆಟ್ ಬರ್ಕ್-ವೈಟ್ ತೆಗೆದ ಪ್ರಸಿದ್ಧ ಫೋಟೋದ ನಕಲು. ಮುಳ್ಳುತಂತಿಯ ಹಿಂದೆ ನಿಂತ ಕೈದಿಗಳ ಜಾಗದಲ್ಲಿ ಇಲಿಗಳು ನಿಂತಿವೆ. ಆಲ್ಬಮ್ಮಿಗೆ ಅಂಟಿಸಿದ ಫೋಟೋದ ಹಾಗೆ ನಾಲ್ಕು ಮೂಲೆಗಳಿಗೂ ಹಿಡಿಕೆ ಬರೆದು, ಹಿಂದಿನ ಸಾಲಿನ ಒಂದು ಇಲಿಯನ್ನು ಬಾಣದ ಗುರುತಿನಿಂದ 'ಅಪ್ಪ' ಎಂದು ತೋರಿಸಲಾಗಿದೆ.

ಈಗ ಪುಸ್ತಕದ ಯಾವುದಾದರೂ ಪುಟ ತೆರೆಯಿರಿ. ಒಂದು ತ್ರಿಕೋನ, ಎರಡು ಕಿವಿ, ಕಣ್ಣಿಗೆ ಎರಡು ಚುಕ್ಕೆ. ಹುಬ್ಬಿನ ಗೆರೆ ಬೇಕಾದರೆ ಇದೆ, ಬೇಡವಾದರೆ ಇಲ್ಲ. ಬಾಯಿ ಕೂಗುವಾಗ, ಅಳುವಾಗ ಮಾತ್ರ ಕಾಣುತ್ತದೆ. ಕುತ್ತಿಗೆಯ ಕೆಳಗೆ ಪೂರ್ತಿ ಮನುಷ್ಯ: ಕೋಟು, ಷರಟು, ಐದು ಬೆರಳಿನ ಕೈ. ಬೆಕ್ಕೂ ಇಲಿಯೂ ಒಂದೇ ಎತ್ತರ. 'ರಾ' ಪತ್ರಿಕೆಯಲ್ಲಿ ಧಾರಾವಾಹಿ ಶುರುವಾಗಿದ್ದು 1980ರ ಕೊನೆಯಲ್ಲಿ. ಈ ಎಂಟು ವರ್ಷಗಳಲ್ಲಿ ಒಬ್ಬ ಚಿತ್ರಕಾರ ತನ್ನ ಕೈಚಳಕವನ್ನೆಲ್ಲ ಒಂದೊಂದಾಗಿ ಕಳಚಿಟ್ಟದ್ದು ಏಕೆ? ಸಾಮಾನ್ಯವಾಗಿ ಶೈಲಿ ಬೆಳೆಯುವುದೆಂದರೆ ಕೂಡಿಸುತ್ತಾ ಹೋಗುವುದು ಎಂದುಕೊಳ್ಳುತ್ತೇವೆ. ಇಲ್ಲಿ ನಡೆದಿರುವುದು ಕಳೆಯುವ ಲೆಕ್ಕ.

ಕಲ್ಪನೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡಬೇಕು. 1972ರಲ್ಲಿ 'ಫನಿ ಅಮಿನಲ್ಸ್' ಎಂಬ ಸಂಚಿಕೆಗೆ (ಕಾಗುಣಿತ ಬೇಕೆಂದೇ ತಪ್ಪಿಸಿದ್ದು) ಪ್ರಾಣಿಗಳನ್ನಿಟ್ಟು ಒಂದು ಕಾಮಿಕ್ಸ್ ಬರೆದುಕೊಡಬೇಕಿತ್ತು. ಆಗ ಸ್ಪೀಗೆಲ್‌ಮನ್ ಸಿನಿಮಾ ನಿರ್ದೇಶಕ ಕೆನ್ ಜೇಕಬ್ಸ್ ಅವರ ತರಗತಿಯಲ್ಲಿ ಕೂತು ಹಳೆಯ ಕಾರ್ಟೂನುಗಳನ್ನು ನೋಡುತ್ತಿದ್ದರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ರಂಗದಾಟಕ್ಕೂ ಮೊದಮೊದಲ ಮಿಕ್ಕಿ ಮೌಸ್‌ಗೂ ಇರುವ ನಂಟನ್ನು ಜೇಕಬ್ಸ್ ತೋರಿಸಿದರು. ಕಪ್ಪು ಮುಖ, ಬಿಳಿ ಕೈಗವಸು, ಕುಣಿತ. ಹಾಗಾಗಿ ಸ್ಪೀಗೆಲ್‌ಮನ್ ಮೊದಲು ಯೋಚಿಸಿದ್ದು ಅಮೆರಿಕದ ಕಪ್ಪು ಜನರನ್ನು ಇಲಿಗಳಾಗಿ, ಬಿಳಿಯರನ್ನು ಬೆಕ್ಕುಗಳಾಗಿ ತೋರಿಸುವ ಕಥೆಯೊಂದನ್ನು. ಅದು ತನ್ನ ಅನುಭವದಲ್ಲಿ ಇಲ್ಲದ ವಿಷಯ ಅನ್ನಿಸಿ ಅಪ್ಪನ ಕಥೆಗೆ ಬಂದರು. ಅಂದರೆ ಈ ಇಲಿಯ ಹುಟ್ಟಿನಲ್ಲೇ ಅವಮಾನ ಮಾಡುವ ಚಿತ್ರದ ಚರಿತ್ರೆ ಇದೆ.

ಅದಕ್ಕಿಂತಲೂ ಹತ್ತಿರದ ಚರಿತ್ರೆ ನಾಜಿಗಳದ್ದು. 1940ರ ಅವರ ಪ್ರಚಾರ ಚಿತ್ರ 'ದಿ ಇಟರ್ನಲ್ ಜ್ಯೂ'ನಲ್ಲಿ ಯಹೂದಿಗಳ ವಲಸೆಯನ್ನು ಇಲಿಗಳ ಹಿಂಡಿನ ಜೊತೆ ಜೋಡಿಸಿ ತೋರಿಸುತ್ತಾರೆ. ವಿಷದ ಕೋಣೆಗಳಲ್ಲಿ ಬಳಸಿದ ಝೈಕ್ಲಾನ್-ಬಿ ಮೂಲತಃ ಹುಳಹುಪ್ಪಟೆ ಕೊಲ್ಲುವ ಔಷಧ. ಕೊಂದವರು ಕೊಟ್ಟ ಹೋಲಿಕೆಯನ್ನೇ ಬದುಕುಳಿದವರ ಮಗ ಎತ್ತಿಕೊಂಡು ಬರೆಯುತ್ತಿದ್ದಾನೆ. ಇಂಥ ಹೋಲಿಕೆಯನ್ನು ಚೆಂದವಾಗಿ ಬರೆದರೆ ಏನಾಗುತ್ತದೆ? ಮೂರು ಪುಟದ 'ಮೌಸ್'ನಲ್ಲಿ ಇಲಿ ಮುದ್ದಾಗಿದೆ, ಕಣ್ಣಲ್ಲಿ ನೀರಿದೆ. ಓದುಗ ಅಯ್ಯೋ ಪಾಪ ಅನ್ನುತ್ತಾನೆ. ಇಲಿಗೆ ಅಯ್ಯೋ ಪಾಪ ಅನ್ನುವವನೂ ಅದನ್ನು ಇಲಿ ಎಂದು ಒಪ್ಪಿಕೊಂಡೇ ಅನ್ನುತ್ತಿರುತ್ತಾನೆ.

ದೊಡ್ಡ ಪುಸ್ತಕಕ್ಕೆ ಕೈಹಾಕಿದಾಗ ಸ್ಪೀಗೆಲ್‌ಮನ್ ನೇರವಾಗಿ ಆ ತ್ರಿಕೋನಕ್ಕೆ ಬರಲಿಲ್ಲ. ನಡುವೆ ಮರದಚ್ಚಿನಂತೆ ಕಾಣುವ, ಪೂರ್ವ ಯುರೋಪಿನ ಹಳೆಯ ಮಕ್ಕಳ ಪುಸ್ತಕಗಳ ಚಿತ್ರಗಳನ್ನು ನೆನಪಿಸುವ ಶೈಲಿಯೊಂದನ್ನು ಪ್ರಯತ್ನಿಸಿ ಬಿಟ್ಟರು. ಅದು ಓದುಗ ಏನನ್ನು ಅನುಭವಿಸಬೇಕೆಂದು ತಾನೇ ಹೇಳಿಬಿಡುತ್ತಿತ್ತು ಎನ್ನುವುದು ಅವರು ಕೊಟ್ಟ ಕಾರಣ. ಆಮೇಲೆ ಆಯ್ಕೆ ಮಾಡಿಕೊಂಡ ಸಲಕರಣೆಗಳನ್ನು ಕೇಳಿದರೆ ನಗು ಬರುತ್ತದೆ: ಟೈಪ್ ಮಾಡುವ ಹಾಳೆ, ಫೌಂಟನ್ ಪೆನ್, ತಪ್ಪಾದರೆ ಬಳಿಯಲು ವೈಟ್ನರ್. ಕಾಮಿಕ್ಸ್ ಬರೆಯುವವರು ಸಾಮಾನ್ಯವಾಗಿ ದೊಡ್ಡ ಹಾಳೆಯ ಮೇಲೆ ಬರೆದು, ಅಚ್ಚಿಗೆ ಹೋಗುವಾಗ ಕುಗ್ಗಿಸುತ್ತಾರೆ. ಕುಗ್ಗಿದಾಗ ಗೆರೆ ನಯವಾಗುತ್ತದೆ, ಕೈನಡುಕ ಮುಚ್ಚಿಹೋಗುತ್ತದೆ. ಸ್ಪೀಗೆಲ್‌ಮನ್ ಅಚ್ಚಾಗುವ ಅಳತೆಯಲ್ಲೇ ಬರೆದರು. ಆದ್ದರಿಂದ ನಮ್ಮ ಕೈಯಲ್ಲಿರುವ ಪುಟದ ಗೆರೆ ಅವರ ನಿಬ್ಬು ಎಳೆದ ಅಳತೆಯ ಗೆರೆಯೇ. ಕೈಬರಹದ ಹಾಗೆ, ದಿನಚರಿಯ ಹಾಗೆ ಅದು ಕಾಣಬೇಕೆಂಬುದು ಅವರ ಉದ್ದೇಶವಾಗಿತ್ತು. ಕನ್ನಡದಲ್ಲಿ ನಾವು ಚಿತ್ರವನ್ನೂ 'ಬರೆಯುತ್ತೇವೆ', ಕಾಗದವನ್ನೂ 'ಬರೆಯುತ್ತೇವೆ'. ಈ ಪುಸ್ತಕದ ಮಟ್ಟಿಗೆ ನಮ್ಮ ಕ್ರಿಯಾಪದ ಇಂಗ್ಲಿಷಿನದಕ್ಕಿಂತ ಸರಿಯಾಗಿದೆ ಅಂತ ನನಗೆ ಸಣ್ಣದೊಂದು ಹೆಮ್ಮೆ.

ಚುಕ್ಕೆ ಕಣ್ಣಿನ ಸರಳ ಮುಖ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಾಮಿಕ್ಸ್ ವಿಮರ್ಶೆಯಲ್ಲಿ ಒಂದು ಸಿದ್ಧ ಉತ್ತರವಿದೆ. ಸ್ಕಾಟ್ ಮೆಕ್ಲೌಡ್ 1993ರ ತಮ್ಮ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್'ನಲ್ಲಿ ಹೇಳಿದ್ದು ಅದು: ಮುಖ ಸರಳವಾದಷ್ಟೂ ಓದುಗ ತನ್ನನ್ನು ಅದರೊಳಗೆ ಇಟ್ಟು ನೋಡುವುದು ಸುಲಭ. ನಮ್ಮ ವಿಭಾಗದ ಸೆಮಿನಾರುಗಳಲ್ಲೂ 'ಮೌಸ್' ಬಂದಾಗಲೆಲ್ಲ ಈ ಮಾತು ಬರುತ್ತದೆ. 'ಮೌಸ್' ಓದುವಾಗ ನನಗೆ ಹಾಗಾಗುವುದಿಲ್ಲ. ನಾನು ವ್ಲಾಡೆಕ್‌ನ ಮುಖದೊಳಗೆ ಹೊಕ್ಕುವುದಿಲ್ಲ, ಅವನನ್ನು ಹುಡುಕುತ್ತಿರುತ್ತೇನೆ. ಮುಖ ನೋಡಿ ಯಾರೆಂದು ಹೇಳಲು ಬರುವುದಿಲ್ಲವಾದ್ದರಿಂದ ಕನ್ನಡಕ ನೋಡಬೇಕು, ಕೋಟು ನೋಡಬೇಕು, ಕೂತ ಭಂಗಿ ನೋಡಬೇಕು. ಮುದುಕ ವ್ಲಾಡೆಕ್‌ಗೆ ಕನ್ನಡಕ, ಆರ್ಟ್‌ಗೆ ವೇಸ್ಟ್‌ಕೋಟು ಮತ್ತು ಸಿಗರೇಟು. ಎರಡನೆಯ ಸಂಪುಟದಲ್ಲಿ ಶಿಬಿರದೊಳಗೆ ಹೋದ ಮೇಲೆ ಎಲ್ಲರ ಬಟ್ಟೆಯನ್ನೂ ಕಿತ್ತುಕೊಂಡು ಒಂದೇ ಪಟ್ಟೆಪಟ್ಟೆಯ ಅಂಗಿ ಕೊಡುತ್ತಾರೆ. ಆಗ ಗುರುತು ಹಿಡಿಯಲು ಉಳಿದಿದ್ದ ದಾರಿಗಳೂ ಮುಚ್ಚುತ್ತವೆ. ಯಾರು ಮಾತಾಡುತ್ತಿದ್ದಾರೆಂದು ತಿಳಿಯದೆ ಮಾತಿನ ಗುಳ್ಳೆಯ ಬಾಲ ಹಿಡಿದು ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಶಿಬಿರ ಆ ಮನುಷ್ಯರಿಗೆ ಮಾಡಿದ್ದನ್ನು ಶೈಲಿ ಓದುಗನ ಕಣ್ಣಿಗೆ ಮಾಡುತ್ತಿದೆ. ದೊಡ್ಡ ಕಣ್ಣಿನ, ಒಂದೊಂದಕ್ಕೂ ಬೇರೆಬೇರೆ ಭಾವವಿದ್ದ 1972ರ ಇಲಿಗಳಿಂದ ಇದು ಸಾಧ್ಯವಾಗುತ್ತಿರಲಿಲ್ಲ.

ಎತ್ತರದ ವಿಷಯ ಇನ್ನೂ ಮುಖ್ಯವಾದದ್ದು. ಅದು ನನಗೆ ಹೊಳೆದದ್ದು ಸ್ಪೀಗೆಲ್‌ಮನ್ ಪುಸ್ತಕದಿಂದಲ್ಲ.

ನನ್ನ ಜೊತೆ ಸಂಶೋಧನೆ ಮಾಡುತ್ತಿರುವ ಗೆಳತಿಯೊಬ್ಬಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಅವಳ ತಾತ ಚಿಕ್ಕಂದಿನಲ್ಲಿ ಒಬ್ಬ ಜಮೀನ್ದಾರರ ಮನೆಯಲ್ಲಿ ಜೀತಕ್ಕಿದ್ದವರು. ಆ ಕಥೆಯನ್ನು ಪ್ರಾಣಿಗಳ ಕಾಮಿಕ್ಸ್ ಆಗಿ ಬರೆಯಬೇಕೆಂದು ಹೊರಟು ಜಮೀನ್ದಾರರನ್ನು ಹುಲಿ ಮಾಡಿದಳು, ತಾತನನ್ನು ಜಿಂಕೆ ಮಾಡಿದಳು. ಹುಲಿಯ ಮೀಸೆ, ಜಿಂಕೆಯ ಕಣ್ಣು, ಹಿಂದೆ ಹುಣಸೆಮರ, ಎಲ್ಲ ಬಹಳ ಮುತುವರ್ಜಿಯಿಂದ ಬರೆದದ್ದು. ಎಂಟು ಪುಟ ಆದ ಮೇಲೆ ನನಗೆ ತೋರಿಸಿ, "ಚೆನ್ನಾಗೇ ಕಾಣ್ತಾರೆ ಕಣೇ, ಆದ್ರೆ ಇವ್ರು ನಮ್ ತಾತ ಅಲ್ಲ," ಅಂದಳು. ಯಾಕೆ ಅಂದೆ. "ಹುಲಿ ಜಿಂಕೇನ ತಿಂದ್ರೆ ಯಾರಾದ್ರೂ ತಪ್ಪು ಅಂತಾರಾ? ಅದರ ಊಟ ಅದು."

ಪ್ರಾಣಿ ಪಾತ್ರಗಳ ಇಡೀ ಸಮಸ್ಯೆ ಈ ಮಾತಿನಲ್ಲಿದೆ. ಬೆಕ್ಕು ಇಲಿ ಹಿಡಿಯುವುದು ಪ್ರಕೃತಿ. ನಾಜಿಗಳು ಯಹೂದಿಗಳನ್ನು ಕೊಂದದ್ದು ಪ್ರಕೃತಿಯಲ್ಲ. ಕಾನೂನು, ರೈಲ್ವೆ ವೇಳಾಪಟ್ಟಿ, ಸಹಿ, ಮೊಹರುಗಳಿಂದ ನಡೆದ ಕೆಲಸ. ದೊಡ್ಡ ಬೆಕ್ಕನ್ನೂ ಚಿಕ್ಕ ಇಲಿಯನ್ನೂ ಬರೆದ ಕೂಡಲೇ ಎರಡನೆಯದು ಮೊದಲನೆಯದರಂತೆ ಕಾಣತೊಡಗುತ್ತದೆ. 'ಮೌಸ್' ಬಗ್ಗೆ ಈ ಆಕ್ಷೇಪ ಹಿಂದಿನಿಂದಲೂ ಇದೆ, ಮತ್ತು 1972ರ ಮೂರು ಪುಟಗಳ ಬಗ್ಗೆ ಅದು ಪೂರ್ತಿ ನಿಜ. ಪುಸ್ತಕದಲ್ಲಿ ಬೆಕ್ಕಿನ ತಲೆಯ ಸೈನಿಕನೂ ಇಲಿಯ ತಲೆಯ ಅಂಗಡಿಯವನೂ ಒಂದೇ ಎತ್ತರಕ್ಕೆ, ಒಂದೇ ತರಹದ ಭುಜ, ಒಂದೇ ತರಹದ ಕೈಗಳೊಂದಿಗೆ ಎದುರುಬದುರು ನಿಲ್ಲುತ್ತಾರೆ. ಆಗ ಬೆಕ್ಕಿನ ಕೈಯಲ್ಲಿರುವ ಬಂದೂಕು ಕಾಣುತ್ತದೆ. ತಲೆಗಳನ್ನು ಅದಲುಬದಲು ಮಾಡಿದರೆ ಮೈಗಳಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ತಲೆ ಮೇಲಿಂದ ತೊಡಿಸಿದ್ದು ಎಂಬ ಅನುಮಾನ ಅಲ್ಲಿಂದ ಶುರುವಾಗುತ್ತದೆ.

ನಮ್ಮ ಪ್ರಾಣಿಕಥೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡದೆ ಇರಲು ನನ್ನಿಂದ ಆಗುವುದಿಲ್ಲ. 11ನೆಯ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಹಳೆಯ ಚಂದಮಾಮ, ಅಮರ ಚಿತ್ರಕಥೆಗಳ ಮೂಲಕ ಅದರ ಕಥೆಗಳು ನಮ್ಮ ಮನೆಗಳಿಗೆ ಬಂದವು. ಆ ಚಿತ್ರಗಳಲ್ಲಿ ನಾನು ಕಂಡ ನರಿ ನಾಲ್ಕು ಕಾಲಿನ, ಪೊದೆಬಾಲದ, ಕಾಡಿನ ನರಿಯೇ. ಮಾತು ಮಾತ್ರ ಮನುಷ್ಯರದ್ದು. ಅದು ಆ ಕಥೆಗಳಿಗೆ ಹೊಂದುವ ಶೈಲಿ ಕೂಡ, ಯಾಕೆಂದರೆ ಹುಟ್ಟುಗುಣ ಬದಲಾಗದು ಎಂಬುದೇ ಅವುಗಳಲ್ಲಿ ಹಲವು ಕಥೆಗಳ ನಂಬಿಕೆ. ನೀಲಿಯ ತೊಟ್ಟಿಗೆ ಬಿದ್ದ ನರಿ ಬಣ್ಣದ ಬಲದಿಂದ ಕಾಡಿನ ರಾಜನಾಗುತ್ತದೆ. ಉಳಿದ ನರಿಗಳು ಊಳಿಟ್ಟಾಗ ತಡೆಯಲಾರದೆ ತಾನೂ ಊಳಿಟ್ಟು ಸಿಕ್ಕಿಬಿದ್ದು ಸಾಯುತ್ತದೆ. ಋಷಿಯೊಬ್ಬ ಇಲಿಯೊಂದನ್ನು ಹುಡುಗಿಯಾಗಿ ಮಾಡಿ ಸಾಕುತ್ತಾನೆ. ಸೂರ್ಯ, ಮೋಡ, ಗಾಳಿ, ಬೆಟ್ಟ ಯಾರೂ ಅವಳಿಗೆ ಒಪ್ಪಿಗೆಯಾಗದೆ ಕೊನೆಗೆ ಅವಳು ಇಲಿಯನ್ನೇ ಬಯಸಿ ಇಲಿಯಾಗುತ್ತಾಳೆ. ಚಿಕ್ಕಂದಿನಲ್ಲಿ ಈ ಕಥೆಗಳಿಗೆ ನಾವೆಲ್ಲ ನಕ್ಕವರೇ. ಊಳಿಟ್ಟು ಸಿಕ್ಕಿಬಿದ್ದ ನರಿಯ ಕಥೆಯನ್ನು ಈಗ ಓದಿದರೆ, ಹೆಸರಿನ ಮುಂದಿನ ಭಾಗ ಕೇಳಿ, ಊರಿನ ಯಾವ ಕೇರಿ ಎಂದು ಕೇಳಿ, ಬಾಡಿಗೆಗೆ ಮನೆ ಇಲ್ಲ ಅನ್ನಿಸಿಕೊಂಡ ನನ್ನ ಪರಿಚಯದ ಒಂದಿಬ್ಬರ ಮುಖ ಕಣ್ಣ ಮುಂದೆ ಬರುತ್ತದೆ.

'ಮೌಸ್'ನಲ್ಲೂ ನೀಲಿ ನರಿಯ ಕಥೆಯೇ ಇದೆ. ತಲೆಮರೆಸಿಕೊಂಡಿದ್ದ ವ್ಲಾಡೆಕ್ ಮತ್ತು ಹೆಂಡತಿ ಆನ್ಯಾ ಪೋಲಿಷ್ ಜನರಂತೆ ನಟಿಸುತ್ತಾ ಬೀದಿಯಲ್ಲಿ ನಡೆಯಬೇಕು. ಪುಸ್ತಕದಲ್ಲಿ ಪೋಲಿಷರಿಗೆ ಹಂದಿಯ ತಲೆ. ಹಾಗಾಗಿ ಇಬ್ಬರ ಇಲಿಮುಖದ ಮೇಲೂ ಹಂದಿಯ ಮುಖವಾಡ, ಅದನ್ನು ಕಟ್ಟಿದ ದಾರವೂ ಕಾಣುತ್ತದೆ. ನೋಡಿದರೆ ಯಹೂದಿ ಎಂದು ಆನ್ಯಾಳನ್ನು ಹೆಚ್ಚು ಸುಲಭವಾಗಿ ಗುರುತಿಸಬಹುದಿತ್ತು ಎನ್ನುತ್ತಾನೆ ವ್ಲಾಡೆಕ್. ಅಲ್ಲಿ ಅವಳ ಕೋಟಿನ ಕೆಳಗಿಂದ ಉದ್ದನೆಯ ಬಾಲವೊಂದು ಇಳಿದು ನೆಲ ಮುಟ್ಟುತ್ತಿದೆ. ಪುಸ್ತಕದ ಬಹುಪಾಲು ಇಲಿಗಳಿಗೆ ಬಾಲ ಕಾಣುವುದೇ ಇಲ್ಲ. ಹಿಡಿದುಕೊಡಬಲ್ಲ ಕಣ್ಣುಗಳು ಬೀದಿಯಲ್ಲಿರುವಾಗ ಆ ಬಾಲ ಹುಟ್ಟಿಕೊಳ್ಳುತ್ತದೆ. ಪಂಚತಂತ್ರ ಕಾಡಿನ ಉಳಿದ ಪ್ರಾಣಿಗಳ ಜೊತೆ ನಿಂತು ನರಿಯನ್ನು ನೋಡುತ್ತದೆ. ಇಲ್ಲಿ ಓದುಗ ನರಿಯ ಬೆನ್ನ ಹಿಂದೆ ನಡೆಯುತ್ತಾ ಬಾಲ ಯಾರ ಕಣ್ಣಿಗೂ ಬೀಳದಿರಲಿ ಎಂದು ಬೇಡಿಕೊಳ್ಳುತ್ತಾನೆ. ಎಲ್ಲ ಇಲಿಗಳಿಗೂ ಎಲ್ಲ ಪುಟದಲ್ಲೂ ಬಾಲ ಬರೆದಿದ್ದರೆ ಈ ಪುಟಕ್ಕೆ ಯಾವ ಅರ್ಥವೂ ಇರುತ್ತಿರಲಿಲ್ಲ.

ಅವರಿಬ್ಬರೂ ನೆಲಮಾಳಿಗೆಯಲ್ಲಿ ಅಡಗಿದ್ದಾಗ ಆನ್ಯಾ ಹೆಗ್ಗಣ ಕಂಡು ಬೆಚ್ಚುತ್ತಾಳೆ. ಅದು ಬರೀ ಇಲಿ ಎಂದು ವ್ಲಾಡೆಕ್ ಸಮಾಧಾನ ಮಾಡುತ್ತಾನೆ. ಆ ಹೆಗ್ಗಣವನ್ನು ಕೂದಲು ಕೂದಲಾಗಿ, ನಿಜವಾದ ಹೆಗ್ಗಣದಂತೆ ಬರೆದಿದ್ದಾರೆ. 1972ರ ಕೈ ಎಲ್ಲೂ ಹೋಗಿರಲಿಲ್ಲ, ಇಲ್ಲಿಗಾಗಿ ಉಳಿಸಿಟ್ಟಿದ್ದರು ಅನ್ನಿಸುತ್ತದೆ.

ಎರಡನೆಯ ಸಂಪುಟ ಬರುವ ಹೊತ್ತಿಗೆ ಸ್ಪೀಗೆಲ್‌ಮನ್ ತಮ್ಮ ಹೋಲಿಕೆಯನ್ನು ತಾವೇ ಅಲ್ಲಾಡಿಸತೊಡಗುತ್ತಾರೆ. ಶಿಬಿರದಲ್ಲಿ ಒಬ್ಬ ಕೈದಿ ತಾನು ಯಹೂದಿಯಲ್ಲ, ಜರ್ಮನ್ ಎಂದು ಕೂಗುತ್ತಾನೆ. ಒಂದು ಚಿತ್ರದಲ್ಲಿ ಅವನಿಗೆ ಇಲಿಯ ತಲೆ, ಇನ್ನೊಂದರಲ್ಲಿ ಅದೇ ಮೈಗೆ ಬೆಕ್ಕಿನ ತಲೆ. ಅವನು ನಿಜಕ್ಕೂ ಜರ್ಮನ್ನನೇ ಎಂದು ಮಗ ಕೇಳಿದರೆ, ಯಾರಿಗೆ ಗೊತ್ತು ಎನ್ನುತ್ತಾನೆ ಅಪ್ಪ. ಜರ್ಮನ್ನರ ಮಟ್ಟಿಗೆ ಅವನು ಯಹೂದಿಯಾಗಿದ್ದ. ಫ್ರೆಂಚ್ ಹುಟ್ಟಿನ, ಮದುವೆಗಾಗಿ ಯಹೂದಿ ಧರ್ಮಕ್ಕೆ ಬಂದ ಹೆಂಡತಿ ಫ್ರಾನ್ಸ್ವಾಸ್‌ಗೆ ಯಾವ ತಲೆ ಕೊಡಬೇಕೆಂಬ ಚರ್ಚೆಯಿಂದಲೇ ಆ ಸಂಪುಟ ಶುರುವಾಗುತ್ತದೆ. ಮೊದಲ ಸಂಪುಟದ ಯಶಸ್ಸಿನ ನಂತರ ಬರೆಯುವ ಮೇಜಿನ ಮುಂದೆ ಕೂತ ಆರ್ಟ್‌ಗೆ ಮನುಷ್ಯನ ತಲೆ ಇದೆ, ಅದರ ಮೇಲೆ ದಾರ ಕಟ್ಟಿದ ಇಲಿಯ ಮುಖವಾಡ. ಸುತ್ತ ನೊಣ, ಮೇಜಿನ ಕೆಳಗೆ ಹೆಣಗಳ ರಾಶಿ. ಶೈಲಿಯ ಹುಡುಕಾಟ ಇಲ್ಲಿ ಬಚ್ಚಿಡುವ ವಿಷಯವಾಗಿ ಉಳಿದಿಲ್ಲ, ಕಥೆಯ ಭಾಗವೇ ಆಗಿದೆ.

ಹಾಗೆಂದು ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ಹಂದಿಗಳ ವಿಷಯದಲ್ಲಿ ಪುಸ್ತಕ ಎಡವಿದೆ. ಹಂದಿ ತನಗೆ ಅಮೆರಿಕನ್ ಕಾರ್ಟೂನುಗಳಿಂದ ಬಂದ ಪ್ರಾಣಿ ಎಂದು ಸ್ಪೀಗೆಲ್‌ಮನ್ ಸಮಜಾಯಿಷಿ ಕೊಟ್ಟಿದ್ದಾರೆ. ಆದರೆ ಇಲಿ-ಬೆಕ್ಕುಗಳನ್ನು ಅವರು ಪ್ರಶ್ನಿಸಿದಷ್ಟು ಹಂದಿಯನ್ನು ಪ್ರಶ್ನಿಸಿಲ್ಲ. ತಮ್ಮ ಜೀವ ಒತ್ತೆಯಿಟ್ಟು ಆನ್ಯಾಳನ್ನು ಅಡಗಿಸಿಟ್ಟ ಪೋಲಿಷ್ ಹೆಂಗಸಿಗೂ ಅದೇ ತಲೆ, ಹಿಡಿದುಕೊಟ್ಟವರಿಗೂ ಅದೇ ತಲೆ. ಪೋಲೆಂಡಿನಲ್ಲಿ ಪುಸ್ತಕ 2001ರವರೆಗೂ ಬರಲಿಲ್ಲ ಎಂಬುದು ಆಶ್ಚರ್ಯವೇನಲ್ಲ. ಇನ್ನು 2022ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಈ ಪುಸ್ತಕವನ್ನು ಪಾಠದಿಂದ ತೆಗೆದುಹಾಕಿದಾಗ ಕೊಟ್ಟ ಕಾರಣಗಳಲ್ಲಿ ಒಂದು ನಗ್ನ ಚಿತ್ರ. ಅದು ಪುಸ್ತಕದ ನಡುವೆ ಸೇರಿಸಿರುವ, ತಾಯಿಯ ಆತ್ಮಹತ್ಯೆಯ ಕುರಿತ ಹಳೆಯ ಕಾಮಿಕ್ಸ್‌ನದು. ಅದರಲ್ಲಿ ಎಲ್ಲರಿಗೂ ಮನುಷ್ಯರ ಮುಖ. ಇಲಿಗಳ ಹೆಣದ ರಾಶಿ ದಾಟಿ ಬಂದ ಕಣ್ಣು ಅಂಗೈಯಗಲದ ಮನುಷ್ಯ ಮೈಯ ಮೇಲೆ ನಿಂತಿತು. ಪ್ರಾಣಿಮುಖ ನಮ್ಮನ್ನು ಎಷ್ಟು ಹಗುರಾಗಿ ದಾಟಿಸಿಬಿಡಬಲ್ಲದು ಎಂಬುದಕ್ಕೂ ಇದು ಒಂದು ಸಾಕ್ಷಿ.

ಪ್ರಾಣಿಯ ತಲೆ ತೊಡಿಸದೆಯೇ ಪ್ರಾಣಿಯನ್ನು ಕಾಮಿಕ್ಸ್‌ಗೆ ತರುವ ದಾರಿಯೊಂದು ನಮ್ಮಲ್ಲೇ ಇದೆ. 2011ರಲ್ಲಿ ನವಯಾನ ಪ್ರಕಟಿಸಿದ 'ಭೀಮಾಯನ' ಅಂಬೇಡ್ಕರ್ ಅನುಭವಿಸಿದ ಅಸ್ಪೃಶ್ಯತೆಯ ಕಥೆ. ಬರೆದವರು ಪ್ರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅವರು ಕಾಮಿಕ್ಸ್‌ನ ಚೌಕಗಳನ್ನೇ ಒಪ್ಪಲಿಲ್ಲ. ಜನರಿಗೆ ಜನರ ಮುಖವೇ ಇದೆ, ಆದರೆ ಪುಟದ ತುಂಬ ಪ್ರಾಣಿಗಳು. ರೈಲು ಹಾವಾಗಿ ಹರಿಯುತ್ತದೆ. ಮಾತಿನ ಗುಳ್ಳೆಗಳು ಎರಡು ಬಗೆ: ಮೃದುವಾದ ಮಾತಿಗೆ ಹಕ್ಕಿಯ ಆಕಾರ, ಕುಟುಕುವ ಮಾತಿಗೆ ಚೇಳಿನ ಕೊಂಡಿ. ಚೇಳು ಮಾತಿಗೆ ಅಂಟಿಕೊಂಡಿದೆ, ಆಡಿದವನ ಮೈಗಲ್ಲ. ನಾಳೆ ಅವನ ಬಾಯಿಂದ ಹಕ್ಕಿ ಹೊರಡಲು ಅಡ್ಡಿಯಿಲ್ಲ. ಸ್ಪೀಗೆಲ್‌ಮನ್ ಎರಡು ಸಂಪುಟ ಗುದ್ದಾಡಿದ ಸಮಸ್ಯೆಯನ್ನು ಇವರು ಮೊದಲ ಹೆಜ್ಜೆಯಲ್ಲೇ ಪಕ್ಕಕ್ಕೆ ಸರಿಸಿಬಿಟ್ಟರು. ಇದಕ್ಕೆ ತೆತ್ತ ಬೆಲೆಯೂ ಇದೆ. ಚೌಕಗಳಿಲ್ಲದ ಪುಟದಲ್ಲಿ ಕಣ್ಣು ಅಲೆದಾಡುತ್ತದೆ, ಆನ್ಯಾಳ ಬಾಲದ ಪುಟದಲ್ಲಿದ್ದ ಎದೆಬಡಿತ ಅಲ್ಲಿ ಹುಟ್ಟುವುದಿಲ್ಲ. ನನಗೆ ಎರಡೂ ಬೇಕು.

ಗೆಳತಿಗೆ 'ಭೀಮಾಯನ' ಕೊಟ್ಟೆ. ಓದಿ, ಚೆನ್ನಾಗಿದೆ, ಆದರೆ ಅದು ಅವರ ಕೈ, ತನ್ನದಲ್ಲ ಎಂದಳು. ಆ ಎಂಟು ಪುಟಗಳನ್ನು ಎತ್ತಿಟ್ಟಿದ್ದಾಳೆ. ಈಗ ಹುಲಿ, ಜಿಂಕೆ ಎರಡೂ ಹೋಗಿ ಊರಿನವರೆಲ್ಲ ಎತ್ತುಗಳಾಗಿದ್ದಾರೆ. ಜಮೀನ್ದಾರರೂ ಎತ್ತು, ಶಾನುಭೋಗರೂ ಎತ್ತು, ತಾತನೂ ಎತ್ತು. ಎಲ್ಲರದ್ದೂ ಒಂದೇ ಎತ್ತರ, ಒಂದೇ ತರಹದ ಕೊಂಬು. ತಾತನಿಗೆ ಮಾತ್ರ ಮೂಗುದಾರ ಇದೆ. ಮೊದಲ ಪುಟದಲ್ಲಿ ಏಳು ವರ್ಷದ ಹುಡುಗನಿಗೆ ಅದು ಇರುವುದಿಲ್ಲ, ಎರಡನೆಯ ಪುಟದಲ್ಲಿ ಪೋಣಿಸುತ್ತಾರೆ. ತಲೆಯಲ್ಲಿ ಎಲ್ಲ ಸರಿಯಾಗಿ ಕೂತಿದೆಯಂತೆ, ಹಾಳೆಯ ಮೇಲೆ ಇನ್ನೂ ಕೂತಿಲ್ಲ. ಅರ್ಧ ಇಂಚಿನ ಮುಖದಲ್ಲಿ ದಾರವನ್ನು ಹೇಗೆ ಬರೆದರೂ ಮೀಸೆಯ ಹಾಗೆ ಕಾಣುತ್ತದೆ. ದಪ್ಪ ಗೆರೆ, ಸಣ್ಣ ಗೆರೆ, ಎರಡು ಚುಕ್ಕೆ, ಒಂದು ಗಂಟು ಎಲ್ಲ ಪ್ರಯತ್ನಿಸಿದ್ದಾಳೆ. ಮೊನ್ನೆ ನೋಡಿದಾಗ ಒಂದೇ ಹಾಳೆಯಲ್ಲಿ ನಲವತ್ತು ಮೂಗು ಬರೆದಿದ್ದಳು.